ಘಟ್ಟದ ರಸ್ತೆಯಲ್ಲಿ ಇಟಲಿಯ ಯಂತ್ರವಿದ್ಯೆ

ಹಳೆಯ ಇಟಲಿ ಕಾರುಗಳ ಪೈಕಿ ಕರ್ನಾಟಕದ ಮಧ್ಯಮವರ್ಗದ ಮನೆಯಂಗಳ ತಲುಪಿದ್ದು ಫಿಯೆಟ್ ಮಾತ್ರ. ವಾಲಚಂದ್ ಹೀರಾಚಂದ್ 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಸಂಸ್ಥೆಯು ಮುಂಬಯಿಯ ಕುರ್ಲಾದಲ್ಲಿ ತಯಾರಿಸಿದ ಫಿಯೆಟ್ 1100, ಮುಂದೆ ಪ್ರೀಮಿಯರ್ ಪದ್ಮಿನಿ ಎಂದು ಹೆಸರು ಬದಲಿಸಿಕೊಂಡರೂ ಜನರ ಬಾಯಲ್ಲಿ ಫಿಯೆಟ್ ಆಗಿಯೇ ಉಳಿಯಿತು. 1985ರಲ್ಲಿ ಅದರ ಜೊತೆಗೆ ಫಿಯೆಟ್ 124ರ ಒಡಲನ್ನು ಹೊತ್ತ 118 ಎನ್‌ಇ ಬಂದಿತು. ಕಾರವಾರದತ್ತ ಕಡಲಂಚಿನಲ್ಲಿ ಸಾಗುವ ರಾಷ್ಟ್ರೀಯ ಹೆದ್ದಾರಿ 66 ಹಾಗೂ ಅರಬೈಲ್ ಘಟ್ಟವೇರಿ ಯಲ್ಲಾಪುರ, ಹುಬ್ಬಳ್ಳಿಗೆ ಹೋಗುವ ಹೆದ್ದಾರಿ 52 ಕೂಡುವ ಅಂಕೋಲಾ, ಈ ಎರಡು ಕಾರುಗಳ ಗುಣದೋಷಗಳನ್ನು ಒರೆಗೆ ಹಚ್ಚಲು ತಕ್ಕ ಸ್ಥಳ.

ದಾಂತೆ ಜಿಯಾಕೋಸಾ ರೂಪಿಸಿ 1953ರಲ್ಲಿ ಹೊರಬಂದ 1100ರ ಹೊಸ ಮಾದರಿಯು ಮಾನೊಕಾಕ್ ರಚನೆಯದು, ಅಂದರೆ ಪ್ರತ್ಯೇಕ ಚಾಸಿಯಿಲ್ಲದೆ ತಗಡಿನ ಒಡಲೇ ಭಾರ ಹೊರುವಂಥದು. ಅದರ ನಾಲ್ಕು ಸಿಲಿಂಡರುಗಳ 1089 ಸಿಸಿ ಎಂಜಿನ್‌ನಲ್ಲಿ ಬೋರ್, ಅಂದರೆ ಸಿಲಿಂಡರಿನ ಅಗಲ, 68 ಮಿ.ಮೀ. ಇದ್ದರೆ ಸ್ಟ್ರೋಕ್, ಅಂದರೆ ಪಿಸ್ಟನ್ ಚಲಿಸುವ ದೂರ, 75 ಮಿ.ಮೀ. ಪದ್ಮಿನಿಯಲ್ಲಿ ಈ ಎಂಜಿನ್ ಸುಮಾರು 40 ಅಶ್ವಶಕ್ತಿ ನೀಡುತ್ತಿತ್ತು. ಮುಂಭಾಗದಲ್ಲಿ ಎರಡು ಚಕ್ರಗಳಿಗೂ ಸ್ವತಂತ್ರ ಕಾಯಿಲ್ ಸ್ಪ್ರಿಂಗ್, ಹಿಂದೆ ಗಟ್ಟಿ ಆಕ್ಸಲ್ ಮತ್ತು ಪಟ್ಟಿ ಸ್ಪ್ರಿಂಗ್, ಸ್ಟೇರಿಂಗ್ ಕೆಳಗೆ ‘ಹ್ಯಾಂಡ್ ಗೇರ್’ ಇದ್ದವು.

ಇಷ್ಟು ಕಡಿಮೆ ಬಲದ ಎಂಜಿನ್ ಹೊತ್ತು ಘಟ್ಟ ಹತ್ತುವಾಗ ಚಾಲಕನು ವೇಗವನ್ನು ಕಳೆದುಕೊಳ್ಳದಂತೆ ನೋಡಿಕೊಳ್ಳಬೇಕಾಗುತ್ತದೆ. ಒಂದನೇ ಗೇರಿಗೆ ಸಿಂಕ್ರೊಮೆಶ್, ಅಂದರೆ ಹಲ್ಲುಗಳ ವೇಗವನ್ನು ಹೊಂದಿಸುವ ವ್ಯವಸ್ಥೆ, ಇಲ್ಲದ್ದರಿಂದ ತಿರುವಿನಲ್ಲಿ ಎಂಜಿನ್ ಉಸಿರುಗಟ್ಟಿದ ಮೇಲೆ ಗೇರ್ ಇಳಿಸಲು ಹೋದರೆ ಹಲ್ಲು ಕಿರುಗುಟ್ಟುತ್ತವೆ. ಅದಕ್ಕಾಗಿ ತಿರುವಿಗೆ ಮೊದಲೇ ಎರಡನೇ ಗೇರಿಗೆ ಬರುವುದು ಜಾಣತನ. ಏರಿನಲ್ಲಿ ಭಾರವು ಹಿಂದಕ್ಕೆ ಸರಿಯುವುದರಿಂದ ಹಿಂಚಕ್ರಗಳಿಗೆ ಬಲ ನೀಡುವ ಈ ರಚನೆಗೆ ಹಿಡಿತ ಚೆನ್ನಾಗಿ ಸಿಗುತ್ತದೆ. ಇಳಿಜಾರಿನಲ್ಲಿ ಮಾತ್ರ ಎಚ್ಚರ ಬೇಕು: ಸತತವಾಗಿ ಒತ್ತಿದರೆ ಡ್ರಮ್ ಬ್ರೇಕ್ ಕಾದು ಹಿಡಿತ ಸಡಿಲಿಸುವುದರಿಂದ ಏರಿದ ಗೇರಿನಲ್ಲಿಯೇ ಇಳಿಯುವುದು ಕ್ಷೇಮ.

ಇಟಲಿಯಲ್ಲಿ 1966ರಲ್ಲಿ ಬಂದ ಫಿಯೆಟ್ 124 ಬೇರೆಯೇ ಯೋಚನೆಯ ಫಲ. ಅದರ 1197 ಸಿಸಿ ಎಂಜಿನ್‌ನಲ್ಲಿ ಬೋರ್ 73, ಸ್ಟ್ರೋಕ್ 71.5 ಮಿ.ಮೀ.; ಪಿಸ್ಟನ್ನಿನ ಓಡಾಟ ಕಿರಿದಾದಷ್ಟೂ ಎಂಜಿನ್ ಹೆಚ್ಚು ಸುತ್ತುಗಳನ್ನು ಸಲೀಸಾಗಿ ತಾಳಿಕೊಳ್ಳುತ್ತದೆ. ನಾಲ್ಕೂ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಅಳವಡಿಸಿದ ಈ ಕಾರು 1967ರಲ್ಲಿ ಯುರೋಪಿನ ವರ್ಷದ ಕಾರು ಎನಿಸಿತು. ಭಾರತದ 118 ಎನ್‌ಇ ಆ ಒಡಲಿಗೆ ಜಪಾನಿನ ನಿಸ್ಸಾನ್ ಸಂಸ್ಥೆಯ 1171 ಸಿಸಿ ಎಂಜಿನ್ ಮತ್ತು ನೆಲದ ಗೇರನ್ನು ಪಡೆದು, ಓಡಿಸಲು ಹಗುರವಾಯಿತಾದರೂ ಇಟಲಿಯ ಎಂಜಿನ್ನಿನ ಸ್ವಭಾವವನ್ನು ಬಿಟ್ಟುಕೊಟ್ಟಿತು. ಆ ಸ್ವಭಾವದ ತುತ್ತತುದಿ ಕಾಣುವುದು 1962ರ ಆಲ್ಫಾ ರೋಮಿಯೊ ಜೂಲಿಯಾದಲ್ಲಿ: ವಾಲ್ವುಗಳನ್ನು ತೆರೆಯುವ ಎರಡು ಕ್ಯಾಮ್‌ಶಾಫ್ಟುಗಳು, 1570 ಸಿಸಿಯ ಅಲ್ಯೂಮಿನಿಯಂ ಎಂಜಿನ್, ಐದು ಗೇರು. ಎಂಜಿನ್ ದೊಡ್ಡದು ಮಾಡುವ ಬದಲು ಒಡಲನ್ನು ಹಗುರಗೊಳಿಸಿ, ಉಳಿದದ್ದನ್ನು ಚಾಲಕನ ಕೈಚಳಕಕ್ಕೆ ಬಿಡುವುದೇ ಈ ಕಾರುಗಳನ್ನು ಒಂದುಗೂಡಿಸುವ ಸೂತ್ರ.

ಆದರೆ ಘಟ್ಟದಲ್ಲಿ ವರವಾದ ಹಗುರ ಒಡಲು ಕರಾವಳಿಯಲ್ಲಿ ಶಾಪವಾಗುತ್ತದೆ. ಉಪ್ಪುಗಾಳಿ ಮತ್ತು ಮಳೆಗೆ ಬಾಗಿಲ ಕೆಳಗಿನ ಪಟ್ಟಿ, ನೆಲದ ತಗಡು, ಜಾಕ್ ಕೊಡುವ ಜಾಗಗಳು ಮೊದಲು ತುಕ್ಕು ಹಿಡಿಯುತ್ತವೆ. ಮಾನೊಕಾಕ್ ರಚನೆಯಲ್ಲಿ ಭಾರ ಹೊರುವುದು ಆ ತಗಡೇ ಆದ್ದರಿಂದ ಅಲ್ಲಿನ ತುಕ್ಕು ಕಾರಿನ ಬೆನ್ನೆಲುಬನ್ನೇ ತಿನ್ನುತ್ತದೆ.

2021ರ ಕೇಂದ್ರ ನಿಯಮದಂತೆ ಐವತ್ತು ವರ್ಷ ದಾಟಿದ ಕಾರುಗಳನ್ನು ವಿಂಟೇಜ್ ವಾಹನವಾಗಿ ನೋಂದಾಯಿಸಬಹುದಾಗಿದ್ದು, ಮೊದಲ ಪದ್ಮಿನಿಗಳು ಈಗ ಆ ವಯಸ್ಸು ತಲುಪಿವೆ. ಕಾರವಾರ, ಅಂಕೋಲಾ ಸೀಮೆಯಲ್ಲಿ ಇಂಥ ಕಾರು ಕೊಳ್ಳಬಯಸುವವರು ಬಾನೆಟ್ ಎತ್ತುವ ಮೊದಲು ಕಾರಿನ ತಳವನ್ನು ನೋಡಬೇಕು. ಎಂಜಿನ್ನನ್ನು ಬಿಚ್ಚಿ ಸರಿಪಡಿಸಬಹುದು, ಕರಗಿಹೋದ ತಳ ಕಟ್ಟುವ ಖರ್ಚು ಕಾರಿನ ಬೆಲೆಯನ್ನೂ ಮೀರೀತು.