ಮಾಲಿಯ ಹಾಡಿಗೆ ಊಮೂ ಸಂಗಾರೆಯ ದಾರಿ

ಆಫ್ರಿಕಾದ ಸಂಗೀತ ಕೇಳಬೇಕೆಂಬ ಆಸೆ ಇದ್ದರೂ ಎಲ್ಲಿಂದ ಶುರುಮಾಡುವುದೆಂದು ತಿಳಿಯುವುದಿಲ್ಲ. ಐವತ್ತಕ್ಕೂ ಹೆಚ್ಚು ದೇಶಗಳಿರುವ ಖಂಡ ಅದು. ಒಂದು ಸೀಮೆ, ಒಬ್ಬ ಗಾಯಕಿಯನ್ನು ಆರಿಸಿಕೊಂಡರೆ ದಾರಿ ಸಲೀಸು. ಪಶ್ಚಿಮ ಆಫ್ರಿಕಾದ ಮಾಲಿ ದೇಶದ ಊಮೂ ಸಂಗಾರೆ ಅದಕ್ಕೆ ತಕ್ಕವರು.

1968ರಲ್ಲಿ ರಾಜಧಾನಿ ಬಮಾಕೊದಲ್ಲಿ ಹುಟ್ಟಿದ ಊಮೂ ಅವರ ಮನೆತನ ದಕ್ಷಿಣ ಮಾಲಿಯ ವಾಸುಲು ಸೀಮೆಯದು. ತಾಯಿಯೂ ಹಾಡುಗಾರ್ತಿ. ತಂದೆ ಬಿಟ್ಟುಹೋದ ಮೇಲೆ ಸಂಸಾರಕ್ಕೆ ನೆರವಾಗಲು ಊಮೂ ಚಿಕ್ಕಂದಿನಲ್ಲೇ ಹಾಡತೊಡಗಿದರು. 1989ರಲ್ಲಿ ಧ್ವನಿಮುದ್ರಣಗೊಂಡ ಮೊದಲ ಆಲ್ಬಂ ‘ಮೂಸೊಲು’ ಪಶ್ಚಿಮ ಆಫ್ರಿಕಾದ ಉದ್ದಗಲಕ್ಕೂ ಅವರ ಹೆಸರನ್ನು ಹರಡಿತು.

ಮೊದಲು ಕಮಲೆ ಎನ್‌ಗೋನಿಯ ನಾದಕ್ಕೆ ಕಿವಿಗೊಡಿ. ದೊಡ್ಡ ಸೋರೆಬುರುಡೆಗೆ ಚರ್ಮ ಹೊದಿಸಿ, ಕೋಲು ಸಿಕ್ಕಿಸಿ ತಂತಿ ಬಿಗಿದ ಮೀಟುವಾದ್ಯವಿದು. ಬೇಟೆಗಾರರ ಪವಿತ್ರ ವಾದ್ಯವೊಂದನ್ನು ವಾಸುಲುವಿನ ಯುವಕರು ಕುಣಿತಕ್ಕೆ ಒಗ್ಗಿಸಿಕೊಂಡಾಗ ಹುಟ್ಟಿತು. ಅದರ ಜೊತೆಗೆ ಕಬ್ಬಿಣದ ಕೊಳವೆಯನ್ನು ಕಡ್ಡಿಯಿಂದ ಉಜ್ಜಿ ನುಡಿಸುವ ಕರಿಞಾನ್ ಲಯ ಹಿಡಿಯುತ್ತದೆ. ಊಮೂ ಒಂದು ಸಾಲು ಹಾಡಿದರೆ ಹಿಮ್ಮೇಳದ ಹೆಂಗಸರು ಉತ್ತರಿಸುತ್ತಾರೆ. ಹೆಚ್ಚಿನ ಹಾಡುಗಳು ಐದು ಸ್ವರಗಳಲ್ಲೇ ಸುತ್ತುವುದರಿಂದ ಔಡವ ರಾಗಗಳ ಪರಿಚಯವಿರುವ ಕಿವಿಗೆ ತೀರ ಹೊಸದೆನಿಸದು.

ಹಾಡಿನ ವಸ್ತುವಿಗೂ ಒಂದು ಹಿನ್ನೆಲೆಯಿದೆ. ಮಾಲಿಯಲ್ಲಿ ‘ಜೆಲಿ’ಗಳು ವಂಶಪಾರಂಪರ್ಯವಾಗಿ ಮನೆತನಗಳ ಚರಿತ್ರೆಯನ್ನೂ ಹೊಗಳಿಕೆಯನ್ನೂ ಹಾಡುವವರು. ವಾಸುಲು ಪರಂಪರೆಯಲ್ಲಿ ಹುಟ್ಟಿನ ಕಟ್ಟಿಲ್ಲ. ಕಂಠವಿದ್ದವರು ಹಾಡಬಹುದು, ತಮ್ಮ ಅಭಿಪ್ರಾಯವನ್ನೂ ಹೇಳಬಹುದು. ಆ ಸಲುಗೆಯಿಂದಲೇ ಊಮೂ ಬಹುಪತ್ನಿತ್ವವನ್ನೂ ಬಲವಂತದ ಮದುವೆಯನ್ನೂ ಹಾಡಿನಲ್ಲಿ ಖಂಡಿಸಿದರು.

ಕೇಳುವ ಕ್ರಮ ಹೀಗಿರಲಿ. ಮೊದಲು ‘ಮೂಸೊಲು’. ಆಮೇಲೆ 1996ರ ‘ವೊರೊಟಾನ್’. ಇಲ್ಲಿ ಅಮೆರಿಕದ ಗಾಯಕ ಜೇಮ್ಸ್ ಬ್ರೌನ್ ತಂಡದಲ್ಲಿದ್ದ ಸ್ಯಾಕ್ಸೊಫೋನ್ ವಾದಕ ಪೀ ವೀ ಎಲಿಸ್ ಜೊತೆಗೂಡಿದ್ದಾರೆ. ಅನಂತರ 2017ರ ‘ಮೊಗೊಯಾ’ದಲ್ಲಿ ಎಲೆಕ್ಟ್ರಾನಿಕ್ ನಾದ ಬೆರೆತಿದೆ. ಅದೇ ಹಾಡುಗಳು 2020ರ ‘ಅಕೂಸ್ಟಿಕ್’ನಲ್ಲಿ ವಿದ್ಯುತ್ ವಾದ್ಯಗಳಿಲ್ಲದೆ ಬಂದಿವೆ. ಒಂದೇ ಹಾಡನ್ನು ಎರಡರಲ್ಲೂ ಬೆನ್ನುಬೆನ್ನಿಗೆ ಕೇಳಿದರೆ ಹಳೆಯ ಎಲುಬುಗೂಡು ಯಾವುದು, ಹೊಸ ಸಿಂಗಾರ ಯಾವುದು ಎಂಬುದು ತಾನಾಗಿ ತಿಳಿಯುತ್ತದೆ.

ಇಷ್ಟಾದ ಮೇಲೆ, ಹಿಂದೆ ಊಮೂ ಅವರಿಗೆ ಹಿಮ್ಮೇಳ ಹಾಡಿದ್ದ ಫಾತುಮಾತಾ ಜವಾರಾ ಅವರತ್ತ ಹೊರಳಿ. ಗಿಟಾರ್ ಹಿಡಿದು ಹಾಡುವ ಅವರ ಮೊದಲ ಆಲ್ಬಂ ‘ಫಾತು’ 2011ರದು. ಈ ಹಾಡುಗಳ ಬಂಬಾರ ಭಾಷೆ ಬಾರದೆಂದು ಹಿಂಜರಿಯಬೇಡಿ; ಮೊದಲ ಸಲ ನಾದಕ್ಕಾಗಿ ಕೇಳಿ, ಎರಡನೆಯ ಸಲ ಅನುವಾದ ಹುಡುಕಿಕೊಂಡು ಕೇಳಿ.