ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಬೈಕ್: ಹೇಳಿದ ಬೆಲೆಯ ಆಚೆಗಿನ ಲೆಕ್ಕ

ಕಟ್ಟೆಮಳಲವಾಡಿ, ಕಂಪಲಾಪುರದ ಹರಾಜಿನಲ್ಲಿ ತಂಬಾಕು ಮಾರಿದ ದುಡ್ಡು ಖಾತೆಗೆ ಬಿದ್ದರೆ ಮನೆಯ ಹುಡುಗ ಬೈಕಿನ ಮಾತು ತೆಗೆಯುತ್ತಾನೆ. ಹೊಸದು ದುಬಾರಿ, ಹಳೆಯ ಕೆಟಿಎಂ ಆರ್‌ಸಿ 390 ಕಣ್ಣಿಗೆ ಬೀಳುತ್ತದೆ. 373 ಸಿಸಿ, ಸುಮಾರು 43 ಅಶ್ವಶಕ್ತಿ. ಮಾರುವವರು 1,50,000 ರೂಪಾಯಿ ಹೇಳಿದರು ಎಂದಿಟ್ಟುಕೊಳ್ಳಿ.

2022ರ ಜೂನ್‌ನಲ್ಲಿ ನಿಗದಿಯಾದ ದರದಂತೆ 350 ಸಿಸಿ ಮೀರಿದ ಬೈಕಿಗೆ ಥರ್ಡ್ ಪಾರ್ಟಿ ವಿಮೆ ವರ್ಷಕ್ಕೆ 2,804 ರೂ.; ಶೇ 18 ಜಿಎಸ್‌ಟಿ ಸೇರಿ 3,309. ಹೋಲಿಕೆಗೆ, ಚಿಕ್ಕ ಎಂಜಿನ್ನಿನ ಯಮಹಾ ಆರ್15ಕ್ಕೆ (155 ಸಿಸಿ) ಎಲ್ಲ ಸೇರಿ 1,612. ದೊಡ್ಡ ವ್ಯತ್ಯಾಸ ಇರುವುದು ಪೆಟ್ರೋಲಿನಲ್ಲಿ. ಲೀಟರಿಗೆ 103 ರೂ. ಎಂದು ಹಿಡಿಯಿರಿ. ತಿಂಗಳಿಗೆ 1,000 ಕಿ.ಮೀ. ಓಡಿಸಿದರೆ, 25 ಕಿ.ಮೀ. ಮೈಲೇಜಿನ 390ಕ್ಕೆ 4,120 ರೂ., 40 ಕೊಡುವ ಆರ್15ಕ್ಕೆ 2,575. ವರ್ಷಕ್ಕೆ 18,540 ರೂಪಾಯಿ ಹೆಚ್ಚು. ಹುಣಸೂರಿನಿಂದ ಸರ್ವಿಸ್‌ಗೆಂದು ಮೈಸೂರಿಗೆ ಹೋಗಿಬರಲೇ ಸುಮಾರು 90 ಕಿ.ಮೀ.

ಬೈಕ್ ನೋಡಲು ಹೋದಾಗ ಮೊದಲು ಟೈರಿನ ಪಕ್ಕ ಕುಳಿತುಕೊಳ್ಳಿ. ಅಂಚಿನಲ್ಲಿ ನಾಲ್ಕು ಅಂಕಿಗಳಿರುತ್ತವೆ: 2319 ಎಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಟೈರಿನ ಗೀರು ಎಷ್ಟೇ ಆಳವಿರಲಿ, ಅಷ್ಟು ಹಳೆಯ ರಬ್ಬರನ್ನು ಮಳೆಯಲ್ಲಿ ನಂಬಬೇಡಿ. ಹಿಂದಿನ ಸ್ಪ್ರಾಕೆಟ್ಟಿನ ಹಲ್ಲು ಗರಗಸದಂತೆ ಒಂದು ಕಡೆಗೆ ಬಾಗಿದ್ದರೆ ಚೈನ್ ಸೆಟ್ ಮುಗಿದಿದೆ. ಐದು ವರ್ಷದ ಬೈಕಿನ ಮೀಟರ್ 9,000 ಕಿ.ಮೀ. ತೋರಿಸಿದರೆ ತಿಂಗಳಿಗೆ ಬರೀ 150 ಕಿ.ಮೀ. ಆಯಿತು. ಸವೆದ ಹಲ್ಲಿಗೂ ಆ ಅಂಕಿಗೂ ತಾಳೆಯಾಗದಿದ್ದರೆ ಸರ್ವಿಸ್ ದಾಖಲೆ ಕೇಳಿ, ಇಲ್ಲವೆಂದರೆ ಎದ್ದು ಬನ್ನಿ. ಎರಡು ಟೈರಿಗೆ 10,000, ಚೈನ್ ಸೆಟ್ಟಿಗೆ 5,000, ಬ್ರೇಕ್ ಪ್ಯಾಡ್, ಆಯಿಲ್, ಕೂಲಿಗೆ 4,000 ಎತ್ತಿಡಿ. ವಿಮೆ ಸೇರಿದರೆ 22,309.

ಕಾಗದದ ಕೆಲಸದಲ್ಲಿ ಸಡಿಲ ಬಿಡಬೇಡಿ. ಕೆಎ-45 ನಂಬರಿನ ಬೈಕಾದರೆ ಹುಣಸೂರಿನ ಆರ್‌ಟಿಒದಲ್ಲಿ ಫಾರಂ 29, 30 ಕೊಟ್ಟು ಹೆಸರು ವರ್ಗಾಯಿಸಿಕೊಳ್ಳಿ. ಸಾಲ ಇದ್ದರೆ ಫಾರಂ 35 ಮತ್ತು ಫೈನಾನ್ಸಿನವರ ಎನ್‌ಒಸಿ ಬೇಕು. ವಿಮೆಯನ್ನೂ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಬೇಕು. ಬಾವಲಿ ಗಡಿಯಾಚೆಯ ಕೇರಳದ ಕೆಎಲ್ ನಂಬರಿನ ಬೈಕ್ ಅಗ್ಗವೆಂದು ಎಚ್.ಡಿ. ಕೋಟೆಗೆ ತಂದರೆ ಅಲ್ಲಿನ ಆರ್‌ಟಿಒ ಎನ್‌ಒಸಿಯ ಫಾರಂ 28ರ ಜೊತೆಗೆ ಕರ್ನಾಟಕದ ಆಜೀವ ತೆರಿಗೆಯೂ ಬೀಳುತ್ತದೆ. ಮಾರುವವರಿಗೂ ಒಂದು ಮಾತು: ಆರ್‌ಸಿಯಲ್ಲಿ ಹೆಸರಿರುವವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು 2018ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಕೈಯಲ್ಲಿ 1,50,000 ಮಾತ್ರ ಇದ್ದರೆ 390 ಬೇಡ. ಎಬಿಎಸ್ ಇರುವ, 2019ರ ನಂತರದ ಆರ್15 ಹುಡುಕಿ. ಉಳಿದ ದುಡ್ಡಲ್ಲಿ ಹೊಸ ಟೈರ್, ಐಎಸ್‌ಐ ಗುರುತಿನ ಎರಡು ಹೆಲ್ಮೆಟ್ ಕೊಳ್ಳಿ.