ಒಪ್ಪಿಗೆ ಪಡೆದೇ ಒಳಬರುವ ಆಡ್‌ವೇರ್

ಶಿರಸಿ ಕಡೆಯ ಓದುಗರೊಬ್ಬರು ಕೇಳಿದ್ದಾರೆ: 'ಬ್ರೌಸರ್ ತೆರೆದರೆ ಸಾಕು, ಹೆಸರೇ ಕೇಳದ ಸರ್ಚ್ ಪುಟವೊಂದು ಬಂದು ಕೂರುತ್ತದೆ. ಸುದ್ದಿ ಓದುತ್ತಿದ್ದರೆ ನಡುವೆ ಜಾಹೀರಾತು ಜಿಗಿಯುತ್ತದೆ. ದುಡ್ಡು ಕೊಟ್ಟು ಹಾಕಿಸಿದ ಆಂಟಿವೈರಸ್ ಮಾತ್ರ ಎಲ್ಲ ಸರಿಯಿದೆ ಎಂದು ಹಸಿರು ಟಿಕ್ ತೋರಿಸುತ್ತದೆ. ಯಾರ ಮಾತು ನಂಬಬೇಕು?' ಬಲು ಒಳ್ಳೆಯ ಪ್ರಶ್ನೆ. ಜಾಹೀರಾತು ಬರುತ್ತಿರುವುದೂ ನಿಜ, ವೈರಸ್ ಇಲ್ಲದಿರುವುದೂ ನಿಜವಿರಬಹುದು.

ವೈರಸ್ ಹೇಳದೆ ಕೇಳದೆ ಬರುತ್ತದೆ. ಜಾಹೀರಾತು ತೋರಿಸಲೆಂದೇ ಬರುವ ತಂತ್ರಾಂಶವಾದ ಆಡ್‌ವೇರ್ ಬಹುಮಟ್ಟಿಗೆ ಕೇಳಿಯೇ ಬರುತ್ತದೆ. ಯಾವುದೋ ತಾಣದಿಂದ ವಿಡಿಯೊ ಪ್ಲೇಯರನ್ನೋ ಪಿಡಿಎಫ್ ಜೋಡಿಸುವ ತಂತ್ರಾಂಶವನ್ನೋ ಇಳಿಸಿಕೊಂಡು ನೆಕ್ಸ್ಟ್, ನೆಕ್ಸ್ಟ್ ಎಂದು ಒತ್ತುತ್ತ ಹೋಗುತ್ತೇವಲ್ಲ, ಆ ಪರದೆಗಳ ನಡುವೆ ಮೊದಲೇ ಟಿಕ್ ಹಾಕಿಟ್ಟ ಪುಟ್ಟ ಚೌಕವೊಂದು ಇರುತ್ತದೆ. ಅದನ್ನು ತೆಗೆಯದೆ ಮುಂದೆ ಹೋದಿರಾದರೆ ನೀವು ಒಪ್ಪಿದಂತೆಯೇ ಲೆಕ್ಕ. ಇಂಥ ಎಷ್ಟೋ ಆಡ್‌ವೇರ್‌ಗಳಿಗೆ ಸರಿಯಾದ ಡಿಜಿಟಲ್ ಸಹಿ ಇರುತ್ತದೆ, ಷರತ್ತುಗಳ ಪುಟ ಇರುತ್ತದೆ, ಹಿಂದೆ ಒಂದು ಕಂಪನಿಯೂ ಇರುತ್ತದೆ. ಹಾಗಾಗಿ ಪತ್ತೆ ತಂತ್ರಾಂಶ ಬರೆಯುವವರು ಇದನ್ನು ವೈರಸ್ ಎನ್ನದೆ 'ಬೇಡವೆನಿಸಬಹುದಾದ ಪ್ರೋಗ್ರಾಂ' ಎಂಬ ಬೇರೆಯೇ ಪಟ್ಟಿಯಲ್ಲಿ ಇಡುತ್ತಾರೆ. ಆ ಪಟ್ಟಿಯನ್ನು ತಡೆಯುವ ಆಯ್ಕೆ ಚಾಲೂ ಇಲ್ಲದಿದ್ದರೆ ಹಸಿರು ಟಿಕ್ ಬೀಳುವುದರಲ್ಲಿ ಆಶ್ಚರ್ಯವಿಲ್ಲ.

ಇಷ್ಟು ನಾಜೂಕಿಗೆ ಕಾರಣ ಕೋರ್ಟಿನ ಭಯ. ಅಮೆರಿಕದ ಝ್ಯಾಂಗೊ ಎಂಬ ಆಡ್‌ವೇರ್ ಕಂಪನಿ ತನ್ನ ತಂತ್ರಾಂಶವನ್ನು ತಡೆದದ್ದಕ್ಕೆ ಆಂಟಿವೈರಸ್ ಕಂಪನಿ ಕ್ಯಾಸ್ಪರ್‌ಸ್ಕಿಯ ಮೇಲೆ 2007ರಲ್ಲಿ ದಾವೆ ಹೂಡಿತ್ತು. ಬಳಕೆದಾರರ ಒಪ್ಪಿಗೆಯನ್ನು ಸರಿಯಾಗಿ ಪಡೆಯದ ಆರೋಪದಲ್ಲಿ ಅದೇ ಝ್ಯಾಂಗೊ ಅಲ್ಲಿನ ಸರ್ಕಾರಿ ವ್ಯಾಪಾರ ಆಯೋಗದೊಂದಿಗೆ 2006ರಲ್ಲಿ 30 ಲಕ್ಷ ಡಾಲರ್ ಕಟ್ಟಿ ರಾಜಿ ಮಾಡಿಕೊಂಡಿತ್ತು ಎಂಬುದನ್ನೂ ನೆನಪಿಡಿ. 2009ರಲ್ಲಿ ಮೇಲ್ಮನವಿ ನ್ಯಾಯಾಲಯ ಕ್ಯಾಸ್ಪರ್‌ಸ್ಕಿಯ ಪರ ತೀರ್ಪು ಕೊಟ್ಟಿತು. ಬಳಕೆದಾರರಿಗೆ ಆಕ್ಷೇಪಾರ್ಹ ಎನಿಸುವುದನ್ನು ತಡೆಯುವ ಸಾಧನ ಒದಗಿಸುವವರಿಗೆ ಕಾನೂನಿನ ರಕ್ಷಣೆ ಇದೆ ಎಂದಿತು. ಬಹಳ ಮುಖ್ಯವಾದ ತೀರ್ಪು ಅದು ಎನ್ನುವುದು ನನ್ನ ಅಭಿಪ್ರಾಯ.

ಪತ್ತೆಯ ಮೊದಲ ಹೆಜ್ಜೆ ಸರಳ. ಪ್ರತಿ ಕಡತದಿಂದಲೂ ಲೆಕ್ಕ ಹಾಕಿ ಹ್ಯಾಶ್ ಎಂಬ ಉದ್ದನೆಯ ಸಂಖ್ಯೆಯೊಂದನ್ನು ತೆಗೆದು, ಗೊತ್ತಿರುವ ಆಡ್‌ವೇರ್‌ಗಳ ಪಟ್ಟಿಯೊಂದಿಗೆ ತಾಳೆ ನೋಡುವುದು. ಆದರೆ ಕಡತದಲ್ಲಿ ಒಂದೇ ಅಕ್ಷರ ಬದಲಾದರೂ ಹ್ಯಾಶ್ ಪೂರ್ತಿ ಬದಲಾಗುತ್ತದೆ. ಆಡ್‌ವೇರ್ ಮಾಡುವವರಿಗೂ ಇದು ಗೊತ್ತು, ಮತ್ತೆ ಮತ್ತೆ ಹೊಸ ಆವೃತ್ತಿ ಬಿಡುತ್ತಾರೆ. ಆದ್ದರಿಂದ ಕಡತ ಯಾವುದು ಎಂದು ನೋಡಿದರೆ ಸಾಲದು, ಅದು ಎಲ್ಲೆಲ್ಲಿ ಕೈಯಾಡಿಸಿದೆ ಎಂದೂ ನೋಡಬೇಕು: ಕಂಪ್ಯೂಟರ್ ಶುರುವಾದಾಗ ತಾನಾಗಿ ಓಡುವ ಪ್ರೋಗ್ರಾಂಗಳ ಪಟ್ಟಿ, ನಿಗದಿತ ಕೆಲಸಗಳ ಪಟ್ಟಿ, ಬ್ರೌಸರ್ ಎಕ್ಸ್‌ಟೆನ್ಶನ್‌ಗಳು, ಪ್ರಾಕ್ಸಿ ಸೆಟ್ಟಿಂಗ್. ಫ್ರಾನ್ಸ್‌ನಲ್ಲಿ ಹುಟ್ಟಿ 2016ರಲ್ಲಿ ಮಾಲ್‌ವೇರ್‌ಬೈಟ್ಸ್ ಕಂಪನಿಯ ಕೈಸೇರಿದ ಆ್ಯಡ್‌ಡಬ್ಲ್ಯುಕ್ಲೀನರ್ ಎಂಬ ಚಿಕ್ಕ ತಂತ್ರಾಂಶ ಇಂಥ ಜಾಗಗಳನ್ನೇ ಜಾಲಾಡುತ್ತದೆ.

ಪರಿಚಯದವರೊಬ್ಬರ ಜೆರಾಕ್ಸ್ ಅಂಗಡಿಯಲ್ಲಿ ನಾನು ಕಂಡದ್ದು ಇವೆಲ್ಲಕ್ಕಿಂತ ಸ್ವಾರಸ್ಯಕರ. ಹೋಂಪೇಜ್ ಎಷ್ಟು ಸಲ ಸರಿಪಡಿಸಿದರೂ ಅದೇ ಹಾಳು ಪುಟ ಬರುತ್ತಿತ್ತು. ಬ್ರೌಸರನ್ನೇ ತೆಗೆದು ಮತ್ತೆ ಹಾಕಲು ಹೊರಟಿದ್ದರು. ಡೆಸ್ಕ್‌ಟಾಪಿನ ಕ್ರೋಮ್ ಚಿತ್ರದ ಮೇಲೆ ಬಲಗುಂಡಿ ಒತ್ತಿ ಪ್ರಾಪರ್ಟೀಸ್ ತೆರೆದೆವು. 'ಟಾರ್ಗೆಟ್' ಎಂಬ ಸಾಲಿನಲ್ಲಿ ಕ್ರೋಮ್‌ನ ಹೆಸರು, ಅದಾದ ಮೇಲೆ ಒಂದು ಖಾಲಿ ಜಾಗ, ಆಮೇಲೆ ಆ ತಾಣದ ವಿಳಾಸ! ಅಷ್ಟೇ. ಬ್ರೌಸರ್ ಸರಿಯಿದೆ, ಸೆಟ್ಟಿಂಗ್ ಸರಿಯಿದೆ, ಹುಡುಕಿದರೆ ಸಿಗಲು ದುಷ್ಟ ಕಡತವೇ ಇಲ್ಲ. ಶಾರ್ಟ್‌ಕಟ್ಟಿನ ಬಾಲಕ್ಕೆ ಅಂಟಿಸಿದ ಒಂದು ವಿಳಾಸ ಅಷ್ಟು ದಿನ ಸತಾಯಿಸಿತ್ತು. ಅದನ್ನು ಅಳಿಸಿದ್ದೇ ತಡ, ಕಾಟ ನಿಂತಿತು.

ಆ ಅಂಗಡಿಯಲ್ಲೂ ಕಂಡೆ, ಬೇರೆಡೆಯೂ ಕಾಣುತ್ತಲೇ ಇರುತ್ತೇನೆ: ಕಂಪ್ಯೂಟರ್ ನಿಧಾನವಾದರೆ ಡೆಸ್ಕ್‌ಟಾಪಿನ ಮೇಲೆ ಪಟಪಟನೆ ರಿಫ್ರೆಶ್ ಒತ್ತುವ ಚಾಳಿ. ಇದು ಶುದ್ಧ ಮೂಢನಂಬಿಕೆ. ರಿಫ್ರೆಶ್ ಮಾಡುವುದು ಪರದೆಯ ಮೇಲಿನ ಚಿತ್ರಗಳನ್ನು ಮತ್ತೊಮ್ಮೆ ಬಿಡಿಸುವ ಕೆಲಸವನ್ನು ಮಾತ್ರ. ಮೆಮೊರಿ ಖಾಲಿಯಾಗುವುದಿಲ್ಲ, ಆಡ್‌ವೇರ್ ಹೋಗುವುದಿಲ್ಲ. ಮಕ್ಕಳಿಗೂ ಇದನ್ನೇ ಕಲಿಸುತ್ತಿದ್ದೇವೆ, ದಯವಿಟ್ಟು ಬಿಡಿ. ಎಲ್ಲದಕ್ಕೂ 'ಫಾರ್ಮ್ಯಾಟ್ ಹೊಡೆಯಿರಿ' ಎನ್ನುವ ರಿಪೇರಿಯವರ ಮಾತಿಗೂ ತಕ್ಷಣ ತಲೆಯಾಡಿಸಬೇಡಿ. ಫೋಟೊ, ಲೆಕ್ಕಪತ್ರ ಎಲ್ಲ ಕಳೆದುಕೊಂಡವರಿದ್ದಾರೆ.

ಪತ್ತೆಗಿಂತ ಕಷ್ಟದ್ದು ಪೂರ್ತಿಯಾಗಿ ತೆಗೆಯುವುದು. ಇದಕ್ಕೆ ಸೂಪರ್‌ಫಿಶ್ ಪ್ರಕರಣದಂಥ ಉದಾಹರಣೆ ಇನ್ನೊಂದಿಲ್ಲ. 2014ರ ಕೊನೆಯ ತಿಂಗಳುಗಳಲ್ಲಿ ಮಾರಾಟವಾದ ಕೆಲವು ಲೆನೊವೊ ಲ್ಯಾಪ್‌ಟಾಪ್‌ಗಳಲ್ಲಿ ಸೂಪರ್‌ಫಿಶ್ ಎಂಬ ಆಡ್‌ವೇರ್ ಕಾರ್ಖಾನೆಯಿಂದಲೇ ಬಂದಿತ್ತು. ನೀವು ನೋಡುವ ವಸ್ತುವನ್ನು ಹೋಲುವ ಬೇರೆ ವಸ್ತುಗಳ ಜಾಹೀರಾತು ತೋರಿಸುವುದು ಅದರ ಕೆಲಸ. ಬೀಗದ ಚಿಹ್ನೆಯ ಸುರಕ್ಷಿತ ಪುಟಗಳಲ್ಲೂ ಜಾಹೀರಾತು ತೂರಿಸಬೇಕಲ್ಲ? ಅದಕ್ಕಾಗಿ, ತಾಣ ಅಸಲಿಯೇ ಎಂದು ತಿಳಿಯಲು ವಿಂಡೋಸ್ ಕಣ್ಣುಮುಚ್ಚಿ ನಂಬುವ ಮೂಲ ಪ್ರಮಾಣಪತ್ರಗಳ ಪಟ್ಟಿಗೆ ತನ್ನದೊಂದು ಪ್ರಮಾಣಪತ್ರವನ್ನು ಸೇರಿಸಿ, ಬ್ಯಾಂಕಿನ ಪುಟಕ್ಕೂ ತಾನೇ ಸಹಿ ಹಾಕುತ್ತಿತ್ತು. ಬ್ರೌಸರ್ ಎಂದಿನಂತೆ ಬೀಗ ತೋರಿಸುತ್ತಿತ್ತು.

ಇನ್ನೂ ಭಯಂಕರ ಸಂಗತಿ ಮುಂದಿದೆ. ಸಹಿ ಹಾಕುವ ಗುಪ್ತ ಕೀಲಿ ಎಲ್ಲ ಲ್ಯಾಪ್‌ಟಾಪ್‌ಗಳಲ್ಲೂ ಒಂದೇ ಆಗಿತ್ತು, ಬಡಾವಣೆಯ ಅಷ್ಟೂ ಮನೆಗೆ ಒಂದೇ ಬೀಗದಕೈ ಕೊಟ್ಟ ಹಾಗೆ. 2015ರ ಫೆಬ್ರುವರಿಯಲ್ಲಿ ರಾಬರ್ಟ್ ಗ್ರಹಾಂ ಎಂಬ ಭದ್ರತಾ ತಜ್ಞ ಓಡುತ್ತಿರುವ ಸೂಪರ್‌ಫಿಶ್‌ನ ಮೆಮೊರಿಯನ್ನು ಹೊರತೆಗೆದು, ಅದರೊಳಗೆ ಸಿಕ್ಕ ಪದಗಳನ್ನೇ ಪಾಸ್‌ವರ್ಡ್ ಆಗಿ ಒಂದೊಂದಾಗಿ ಪರೀಕ್ಷಿಸಿದರು. ಕೀಲಿ ತೆರೆದುಕೊಂಡಿತು. ಪಾಸ್‌ವರ್ಡ್ 'ಕೊಮೋಡಿಯಾ': ಈ ತಂತ್ರವನ್ನು ಸೂಪರ್‌ಫಿಶ್‌ಗೆ ಒದಗಿಸಿದ್ದ ಕಂಪನಿಯ ಹೆಸರು! ಆ ಕೀಲಿ ಇದ್ದವರು ಅದೇ ವೈಫೈನಲ್ಲಿ ಕುಳಿತು ನಿಮಗೆ ನಕಲಿ ಬ್ಯಾಂಕ್ ಪುಟ ತೋರಿಸಿದರೂ ಲ್ಯಾಪ್‌ಟಾಪ್ ನಂಬಿಬಿಡುತ್ತಿತ್ತು.

ಸುದ್ದಿ ತಿಳಿದವರು ಗಾಬರಿಯಿಂದ ಸೂಪರ್‌ಫಿಶ್ಶನ್ನು ಅನ್‌ಇನ್‌ಸ್ಟಾಲ್ ಮಾಡಿದರು. ಪ್ರೋಗ್ರಾಂ ಹೋಯಿತು, ಪ್ರಮಾಣಪತ್ರ ಉಳಿಯಿತು. ಜಾಹೀರಾತು ನಿಂತಿದ್ದರಿಂದ ಅಪಾಯವೂ ಹೋಯಿತೆಂದು ಅವರು ನಂಬಿದ್ದರಲ್ಲಿ ತಪ್ಪೇನಿಲ್ಲ. ಮೈಕ್ರೋಸಾಫ್ಟ್ ಫೆಬ್ರುವರಿ 20ರಂದು ಹೊರಡಿಸಿದ ಡಿಫೆಂಡರ್ ಪರಿಷ್ಕರಣೆ ಪ್ರೋಗ್ರಾಂ ಜೊತೆಗೆ ಪ್ರಮಾಣಪತ್ರವನ್ನೂ ಕಿತ್ತು ಹಾಕಿತು. ಫೈರ್‌ಫಾಕ್ಸ್ ತನ್ನದೇ ಪ್ರಮಾಣಪತ್ರ ಪಟ್ಟಿ ಇಟ್ಟುಕೊಳ್ಳುವುದರಿಂದ ಅದನ್ನು ಬೇರೆಯಾಗಿ ಶುಚಿ ಮಾಡಬೇಕಾಯಿತು.

ಆಡ್‌ವೇರ್ ಅಳಿಸಿದ ಮೇಲೆ ಪತ್ತೆ ತಂತ್ರಾಂಶ ರೀಸ್ಟಾರ್ಟ್ ಕೇಳುವುದೂ ವಿನಾ ಕಾರಣವಲ್ಲ. ಓಡುತ್ತಿರುವ ಪ್ರೋಗ್ರಾಂನ ಕಡತವನ್ನು ಅಳಿಸಲು ವಿಂಡೋಸ್ ಸಾಮಾನ್ಯವಾಗಿ ಬಿಡುವುದಿಲ್ಲ. 'ಮುಂದಿನ ಸಲ ಶುರುವಾದಾಗ ಇದನ್ನು ಅಳಿಸು' ಎಂದು ರಿಜಿಸ್ಟ್ರಿಯಲ್ಲಿ ಬರೆದಿಟ್ಟರೆ, ಆಡ್‌ವೇರ್ ಏಳುವ ಮೊದಲೇ ಆ ಕೆಲಸ ಮುಗಿದಿರುತ್ತದೆ. 'ಆಮೇಲೆ ಮಾಡುತ್ತೇನೆ' ಎಂದು ಮುಂದೂಡಿದರೆ ಅರ್ಧ ಕೆಲಸ ಬಾಕಿ.

ಶಿರಸಿಯ ಓದುಗರು ಈಗ ಮಾಡಬೇಕಾದದ್ದು ಇಷ್ಟು. ಶಾರ್ಟ್‌ಕಟ್ಟಿನ ಟಾರ್ಗೆಟ್ ಸಾಲು ನೋಡಿ, ಗುರುತಿಲ್ಲದ ಎಕ್ಸ್‌ಟೆನ್ಶನ್‌ಗಳನ್ನು ತೆಗೆಯಿರಿ. ಪರದೆಯ ಬಲಮೂಲೆಯಲ್ಲಿ 'ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ' ಎಂಬ ಚೀಟಿಗಳೂ ಬರುತ್ತಿದ್ದರೆ ಬ್ರೌಸರಿನ ನೋಟಿಫಿಕೇಶನ್ ಅನುಮತಿಗಳನ್ನು ತೆರೆದು ಅಪರಿಚಿತ ತಾಣಗಳನ್ನೆಲ್ಲ ತಡೆಯಿರಿ. ಎಂದೋ 'ಅಲೋ' ಒತ್ತಿದ್ದರ ಫಲ ಅದು. ಆಂಟಿವೈರಸ್‌ನಲ್ಲಿ 'ಬೇಡವೆನಿಸಬಹುದಾದ' ಪ್ರೋಗ್ರಾಂಗಳನ್ನು ತಡೆಯುವ ಆಯ್ಕೆ ಚಾಲೂ ಮಾಡಿ, ಮತ್ತೊಮ್ಮೆ ಪೂರ್ತಿ ಸ್ಕ್ಯಾನ್ ಮಾಡಿಸಿ. ವಿಂಡೋಸ್‌ನ ಸ್ವಂತ ಡಿಫೆಂಡರ್ ಬಳಸುವವರಿಗೆ ಈ ಆಯ್ಕೆ ವಿಂಡೋಸ್ ಸೆಕ್ಯುರಿಟಿಯ 'ಆ್ಯಪ್ ಆ್ಯಂಡ್ ಬ್ರೌಸರ್ ಕಂಟ್ರೋಲ್' ಪುಟದಲ್ಲಿ ಸಿಗುತ್ತದೆ.